ಸಹಾಯ ಬೇಕು: 8×4 ಅಡಿ ಹಲಗೆ ಮೇಲೆ ಘಾಟಿ ಏರು, ತಿರುವಿನಲ್ಲಿ ಇಂಜಿನ್ ಜಾರುತ್ತಿದೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಾದರಿಯಲ್ಲಿ ಎಚ್‌ಒ ಸ್ಕೇಲ್ (1:87, ಹಳಿ ಅಗಲ 16.5 ಮಿ.ಮೀ.) ಮಾದರಿ ರೈಲಿನ ಲೇಔಟ್ (ಹಲಗೆ ಮೇಲಿನ ಪುಟ್ಟ ರೈಲುಮಾರ್ಗ) ಕಟ್ಟುತ್ತಿದ್ದೇನೆ. 12 ಮಿ.ಮೀ. ಪ್ಲೈವುಡ್, ಅದರ ಕೆಳಗೆ 16 ಇಂಚಿಗೊಂದು ರೀಪು, ತಿರುವಿನ ರೇಡಿಯಸ್ 18 ಇಂಚು. ಏರು ಅಸಲಿ ಘಾಟಿಯಂತೆಯೇ 50ಕ್ಕೆ 1, ಅಂದರೆ ಶೇ. 2. ಮೇಲಿನ ಹಳಿ ಕೆಳಗಿನದನ್ನು ದಾಟಲು ಸೇತುವೆ ಹಲಗೆ ಸೇರಿ 90 ಮಿ.ಮೀ. ಎತ್ತರ ಬೇಕು. ಅಂದರೆ ಹತ್ತಲು ನಾಲ್ಕೂವರೆ ಮೀಟರ್, ಇಳಿಯಲು ಮತ್ತೆ ಅಷ್ಟೇ.

ನೇರ ಏರಿನಲ್ಲಿ ಆರು ಬೋಗಿ ಸಲೀಸಾಗಿ ಹೋಗುತ್ತವೆ. ತಿರುವಿಗೆ ಬಂದ ಕೂಡಲೇ ಚಕ್ರ ನಿಂತಲ್ಲೇ ಗಿರ್ರೆಂದು ಸುತ್ತುತ್ತದೆ. ಚಕ್ರ ತಿರುಗುತ್ತಲೇ ಇರುವುದರಿಂದ ಇದು ಕರೆಂಟಿನ ಸಮಸ್ಯೆಯಲ್ಲ. ಹಳಿಗೆ ಕರೆಂಟ್ ಕೊಡುವ ಫೀಡರ್ ವೈರ್ ಮೂರಡಿಗೊಂದು ಇದೆ, ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ್ದೂ ಆಯಿತು. ತಿರುವಿನ ಎಳೆತವೇ ಕಾರಣ. ಎಚ್‌ಒ ಹಳಿಗೆ 32ನ್ನು ರೇಡಿಯಸ್ ಇಂಚಿನಿಂದ ಭಾಗಿಸಿದರೆ ಸಿಗುವಷ್ಟು ಶೇಕಡಾ ಏರು ಹೆಚ್ಚುವರಿಯಾಗಿ ಸೇರುತ್ತದೆ ಎಂಬ ಅಂದಾಜು ಲೆಕ್ಕವಿದೆ. ಇಲ್ಲಿ 1.8. ಶೇ. 2ರ ಏರು ಇಂಜಿನ್ನಿಗೆ ಹೆಚ್ಚುಕಮ್ಮಿ ಶೇ. 4 ಆಗುತ್ತಿದೆ.

ಪ್ಲೈ ಕೊಯ್ದು ಕೆಳಗಿನ ಹಳಿಯನ್ನು 45 ಮಿ.ಮೀ. ಇಳಿಸಿ, ಮೇಲಿನದನ್ನು 45 ಮಾತ್ರ ಏರಿಸುವ ಯೋಚನೆಯಿದೆ. ಹಾಗೆ ಮಾಡಿದರೆ ತಿರುವುಗಳಲ್ಲಿ ಏರನ್ನು ಶೇ. 1ಕ್ಕೆ ತರಬಹುದು. ಆದರೆ ಕೊಯ್ದ ಪಟ್ಟಿ ಮಳೆಗಾಲದಲ್ಲಿ ಸೊಟ್ಟಗಾಗದಂತೆ ಆಧಾರ ಎಷ್ಟು ಇಂಚಿಗೊಂದು ಕೊಡಬೇಕು? ಅಂಚಿಗೆ ವಾರ್ನಿಷ್ ಸಾಕೇ?

ಇನ್ನೊಂದು ವಿಷಯ: ಏರು ಶುರುವಾಗುವಲ್ಲಿ ಒಂದು ಬೋಗಿಯ ಕೊಕ್ಕೆ ಮೇಲೆದ್ದು ಪಕ್ಕದ್ದರಿಂದ ಕಳಚಿಕೊಳ್ಳುತ್ತಿದೆ. ಅಲ್ಲಿ ಸಮತಟ್ಟಿನಿಂದ ಏರಿಗೆ ಹೊರಳುವ ಬಾಗು ಒಂದು ಬೋಗಿಯುದ್ದವಿದೆ, ಎರಡು ಬೋಗಿಯುದ್ದ ಮಾಡಬೇಕೇ? ಇಂಥ ಏರು ಕಟ್ಟಿದವರು ದಯವಿಟ್ಟು ಅಳತೆ ಸಮೇತ ತಿಳಿಸಿ.