ಲಾರಿಯ ಜೊತೆಗೆ ಒಡೆಯನೂ ‘ಲೀಸ್’ ಆದರೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಲ್ಲಿ ಒಂದು ಪ್ರಶ್ನೆ. ಅದು ಹುಟ್ಟಿದ್ದು ಒಂದು ಫೋನ್ ಮಾತುಕತೆಯ ಎಡವಟ್ಟಿನಿಂದ.

ನನ್ನ ಸೋದರಮಾವನ ಮಗ ಪಶ್ಚಿಮ ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿದ್ದಾನೆ. ಇಷ್ಟು ದಿನ ಸಂಬಳಕ್ಕೆ ಟ್ರಕ್ ಓಡಿಸುತ್ತಿದ್ದವನು ಈಗ ಸ್ವಂತಕ್ಕೊಂದು ಕೊಂಡು, ಕಚ್ಚಾ ತೈಲ ಸಾಗಿಸುವ ಕಂಪನಿಯೊಂದಕ್ಕೆ ಅದನ್ನು ‘ಲೀಸ್’ ಮಾಡಿದ್ದಾನೆ. ಅರಕಲಗೂಡಿನಲ್ಲಿರುವ ಮಾವನಿಗೆ ಹಾಗೆಂದೇ ಹೇಳಿದ. ಮಾವ ಕೇಳಿದ ಮೊದಲ ಮಾತು: “ಎಷ್ಟು ಲಕ್ಷ ಕೊಟ್ಟರು?”

ತಪ್ಪು ಮಾವನದಲ್ಲ. ನಮ್ಮಲ್ಲಿ ಲೀಸ್ ಎಂದರೆ ಮನೆಯ ಲೀಸ್. ಒಂದು ಗಂಟು ಹಣ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅದೇ ಗಂಟನ್ನು ವಾಪಸು ಪಡೆಯುವುದು. ಹಾಗಾಗಿ ಮಗ ಲಾರಿಯನ್ನು ಯಾರಿಗೋ ಒಪ್ಪಿಸಿ, ಹಣ ಎಣಿಸಿಕೊಂಡು ಮನೆಯಲ್ಲಿ ಕುಳಿತಿದ್ದಾನೆ ಎಂದು ಮಾವ ತಿಳಿದರು. ಹಣ ಬರುವುದಿರಲಿ, ತಾನೇ ಕಂಪನಿಯಲ್ಲಿ ಇಡಗಂಟು ಇಡಬೇಕು, ಲಾರಿಯನ್ನೂ ತಾನೇ ಓಡಿಸಬೇಕು ಎಂದು ಮಗ ಹೇಳಿದ ಮೇಲೆ, ಯಾರೋ ಹುಡುಗನಿಗೆ ಟೋಪಿ ಹಾಕಿದ್ದಾರೆಂದು ಅವರಿಗೆ ಖಾತ್ರಿಯಾಯಿತು. ಕರಾರಿನಲ್ಲಿ ಏನಿದೆಯೋ ಅದನ್ನು ಕನ್ನಡದಲ್ಲಿ ಬರೆದು ತೋರಿಸುವ ಕೆಲಸ ನನ್ನ ತಲೆಗೆ ಬಂತು.

ವ್ಯವಸ್ಥೆ ಹೀಗಿದೆ. ಅವನಿರುವ ಪರ್ಮಿಯನ್ ತೈಲ ಪ್ರದೇಶ ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊ ಎರಡು ರಾಜ್ಯಗಳಲ್ಲೂ ಹರಡಿದೆ. ಕೊಳವೆ ಮಾರ್ಗ ಮುಟ್ಟದ ಬಾವಿಗಳ ತೈಲವನ್ನು ಟ್ಯಾಂಕರ್‌ಗಳು ತುಂಬಿಕೊಂಡು ಕೊಳವೆ ಮಾರ್ಗದ ಕೇಂದ್ರಕ್ಕೆ ತಂದು ಸುರಿಯುತ್ತವೆ. ಲೆಕ್ಕವೆಲ್ಲ ಬ್ಯಾರಲ್‌ನಲ್ಲಿ, ಒಂದು ಬ್ಯಾರಲ್ ಎಂದರೆ 42 ಗ್ಯಾಲನ್, ಸುಮಾರು 159 ಲೀಟರ್. ರಾಜ್ಯದ ಗಡಿ ದಾಟಿ ಬಾಡಿಗೆಗೆ ಸರಕು ಸಾಗಿಸಲು ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದು ಇವನ ಬಳಿ ಇಲ್ಲ, ಕಂಪನಿಯ ಬಳಿ ಇದೆ. ಎಳೆಯುವ ಟ್ರಕ್ ಇವನದು, ಹಿಂದಿನ ಟ್ಯಾಂಕರ್ ಕಂಪನಿಯದು, ಬಾಗಿಲ ಮೇಲಿನ ಹೆಸರೂ ಸಂಖ್ಯೆಯೂ ಕಂಪನಿಯವು. ಡೀಸೆಲ್, ಟೈರ್, ರಿಪೇರಿ ಇವನ ತಲೆಗೆ. ಬಂದ ಸಾಗಣೆ ದರದಲ್ಲಿ ಇಂತಿಷ್ಟು ಪಾಲು ಇವನಿಗೆ.

ಈಗ ಪದಕ್ಕೆ ಬರುತ್ತೇನೆ. ಮೊದಲು ‘ಗೇಣಿ’ ಎಂದು ಬರೆದೆ. ಕೊಡುವವನು ಒಡೆಯ, ಪಡೆಯುವವನು ಗೇಣಿದಾರ. ಆ ಲೆಕ್ಕದಲ್ಲಿ ನಮ್ಮ ಹುಡುಗ ಒಡೆಯ, ನೂರಾರು ಲಾರಿಗಳ ಕಂಪನಿ ಗೇಣಿದಾರ! 1974ರ ಭೂಸುಧಾರಣೆಯನ್ನು ಕಣ್ಣಾರೆ ಕಂಡ ಮಾವನಿಗೆ ಇದನ್ನು ಓದಿಸಿದರೆ ನಕ್ಕುಬಿಡುತ್ತಾರೆ. ‘ಉಳುವವನೇ ಹೊಲದೊಡೆಯ’ ಎಂಬುದು ಹೋರಾಡಿ ಪಡೆದದ್ದು. ಇಲ್ಲಿ ಓಡಿಸುವವನು ಮೊದಲೇ ಒಡೆಯ, ಆದರೂ ಹಿಡಿತ ಅವನದಲ್ಲ. ಗೇಣಿಯನ್ನು ಹೊಡೆದು ಹಾಕಿದೆ.

‘ಗುತ್ತಿಗೆ’ ಹಳೆಯ ಪದ, ಶಾಸನಗಳಲ್ಲಿ ‘ಗುತ್ತಗೆ’ ಎಂಬ ರೂಪವೂ ಸಿಗುತ್ತದೆ. ಆದರೆ ‘ಗುತ್ತಿಗೆಗೆ ಸೇರಿದ’ ಎಂದರೆ ಇಂದಿನ ಓದುಗನ ಕಣ್ಣಿಗೆ ಬರುವುದು ಕಚೇರಿಯ ಗುತ್ತಿಗೆ ನೌಕರ. ಅವನಿಗೆ ಸ್ವಂತ ಲಾರಿ ಇರುವುದಿಲ್ಲ. ‘ಕೋರು’ ಅಥವಾ ‘ವಾರ’ (ಬೆಳೆಯನ್ನು ಪಾಲು ಹಂಚಿಕೊಳ್ಳುವ ಸಾಗುವಳಿ) ಎಂದರೆ ಪಾಲಿನ ಲೆಕ್ಕ ಸರಿಹೋಗುತ್ತದೆ, ಉಳಿದದ್ದು ಹೋಗುವುದಿಲ್ಲ. ಬೆಳೆ ಹೋದರೆ ಕೋರಿನಲ್ಲಿ ಇಬ್ಬರಿಗೂ ನಷ್ಟ; ಇಲ್ಲಿ ಟ್ರಕ್ ಕೆಟ್ಟು ನಿಂತರೆ ರಿಪೇರಿಯ ಖರ್ಚು ಹುಡುಗನೊಬ್ಬನದೇ.

ಕಾನೂನಿನ ದೃಷ್ಟಿಯಿಂದ ಹತ್ತಿರ ಬರುವುದು ‘ಭೋಗ್ಯ’. ಅಮೆರಿಕದ ಕೇಂದ್ರ ನಿಯಮಾವಳಿಯ 49ನೇ ಶೀರ್ಷಿಕೆಯ 376ನೇ ಭಾಗದ ಪ್ರಕಾರ, ಕರಾರಿನ ಅವಧಿಯಲ್ಲಿ ವಾಹನದ ಸ್ವಾಧೀನ, ನಿಯಂತ್ರಣ ಮತ್ತು ಬಳಕೆ ಕಂಪನಿಗೆ ಮಾತ್ರ ಸೇರಿದ್ದು; ರಸ್ತೆಯ ಮೇಲಿನ ಹೊಣೆಯೂ ಅದರದೇ. ದಾಖಲೆ ಒಪ್ಪಿಸಿದ 15 ದಿನಗಳಲ್ಲಿ ಹಣ ಕೊಡಬೇಕು, ಕರಾರು ಮುಗಿದ 45 ದಿನಗಳೊಳಗೆ ಇಡಗಂಟಿನ ಲೆಕ್ಕ ಚುಕ್ತಾ ಮಾಡಬೇಕು ಎಂದೂ ಇದೆ. (ಈ ಎರಡು ಸಾಲು ಓದಿದ ಮೇಲೆ ಮಾವನ ಮುಖ ಸ್ವಲ್ಪ ಸಡಿಲವಾಯಿತು.) ಆದರೆ ಭೋಗ್ಯದಲ್ಲಿ ವಸ್ತು ಹೋಗುತ್ತದೆ, ಒಡೆಯ ಹೋಗುವುದಿಲ್ಲ. ಮನೆಯನ್ನು ಭೋಗ್ಯಕ್ಕೆ ಕೊಟ್ಟವನು ಅದೇ ಮನೆಯಲ್ಲಿ ಅಡುಗೆ ಮಾಡಿಕೊಡಲು ನಿಲ್ಲುವುದಿಲ್ಲವಷ್ಟೆ. ನನ್ನ ಪೇಚಾಟವೆಲ್ಲ ಇಲ್ಲೇ ಇದೆ.

ಸಾಲದ್ದಕ್ಕೆ, ತೈಲ ಬಾವಿ ಇರುವ ಜಾಗವನ್ನೂ ಅಲ್ಲಿನ ಚಾಲಕರು ‘ಲೀಸ್’ ಎಂದೇ ಕರೆಯುತ್ತಾರೆ. ನೆಲದಡಿಯ ತೈಲ ಟೆಕ್ಸಸ್‌ನಲ್ಲಿ ಬಹುಪಾಲು ಖಾಸಗಿಯವರ ಸ್ವತ್ತು. ಅವರು ತೈಲ ತೆಗೆಯುವ ಹಕ್ಕನ್ನು ಕಂಪನಿಗೆ ಕೊಟ್ಟು ರಾಜಧನ (ರಾಯಲ್ಟಿ) ಪಡೆಯುತ್ತಾರೆ. ಆ ಕರಾರಿನ ಹೆಸರು ಜಾಗಕ್ಕೇ ಅಂಟಿಕೊಂಡಿದೆ. “ಬೆಳಿಗ್ಗೆ ಲೀಸ್‌ಗೆ ಹೋಗಿದ್ದೆ” ಎಂದು ಹುಡುಗ ಹೇಳಿದರೆ ಬಾವಿಗೆ ಹೋಗಿದ್ದ ಎಂದರ್ಥ. ಇದಕ್ಕೆ ‘ಗಣಿ ಗುತ್ತಿಗೆ’ ಇದೆಯಲ್ಲ, ಬಳ್ಳಾರಿಯ ಸುದ್ದಿಗಳಿಂದ ಎಲ್ಲರಿಗೂ ಬಾಯಿಪಾಠ. ಆದ್ದರಿಂದ ‘ಗುತ್ತಿಗೆ’ಯನ್ನು ಬಾವಿಗೆ ಮೀಸಲಿಟ್ಟು ಲಾರಿಗೆ ಬೇರೆ ಪದ ಹುಡುಕುತ್ತಿದ್ದೇನೆ.

ತೈಲ ಎಂದೇ ಬರೆಯುತ್ತಿರುವುದಕ್ಕೂ ಕಾರಣವಿದೆ. ನಮ್ಮತ್ತೆ ಪಕ್ಕದ ಮನೆಯವರಿಗೆ “ಮಗ ಎಣ್ಣೆ ಸಾಗಿಸುತ್ತಾನೆ” ಎಂದು ಹೇಳಿ ಮುಜುಗರಕ್ಕೀಡಾದರು. ಎಳ್ಳಿನಿಂದ ಎಣ್ಣೆ, ತಿಲದಿಂದ ತೈಲ. ಮೂಲದಲ್ಲಿ ಎರಡೂ ಎಳ್ಳಿನ ಕುಲವೇ ಆದರೂ ಬಾರಿನ ನಂಟು ಒಂದಕ್ಕೆ ಮಾತ್ರ.

ಇನ್ನೊಂದು ತೊಡಕು: ಈ ಹುಡುಗ ಕಂಪನಿಯ ನೌಕರನೋ, ಅಲ್ಲವೋ? 2019ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂ ಪ್ರೈಮ್ ಮತ್ತು ಒಲಿವೇರಾ ಪ್ರಕರಣದಲ್ಲಿ ಇಂಥ ಟ್ರಕ್ ಚಾಲಕನೊಬ್ಬನ ಕರಾರನ್ನು ಪರಿಶೀಲಿಸಿತು. ತೀರ್ಪು ನಿಂತದ್ದು ಒಂದು ಪದದ ಅರ್ಥದ ಮೇಲೆ. 1925ರ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಕಾಯ್ದೆಯಲ್ಲಿರುವ ‘ಎಂಪ್ಲಾಯ್‌ಮೆಂಟ್’ ಎಂಬ ಮಾತಿಗೆ ಆ ಕಾಲದಲ್ಲಿ ಕೆಲಸ ಎಂದಷ್ಟೇ ಅರ್ಥವಿತ್ತು, ಸ್ವತಂತ್ರವಾಗಿ ದುಡಿಯುವವನ ಕರಾರೂ ಅದರೊಳಗೆ ಬರುತ್ತದೆ ಎಂದು ನ್ಯಾಯಾಲಯ ಹಳೆಯ ನಿಘಂಟುಗಳನ್ನು ತೆಗೆದು ನೋಡಿ ಹೇಳಿತು. ಕನ್ನಡಕ್ಕೆ ಈ ಕಷ್ಟವಿಲ್ಲ: ‘ಕೆಲಸ’ ಬೇರೆ, ‘ನೌಕರಿ’ ಬೇರೆ. ಇವನದು ಕೆಲಸ ಎಂದು ಬರೆದು ಮುಂದೆ ಹೋದೆ.

ನಮ್ಮ ರಸ್ತೆಯಲ್ಲಿ ಏನೆನ್ನುತ್ತಾರೆಂದು ಹಾಸನದಲ್ಲಿ ಒಬ್ಬ ಟ್ಯಾಂಕರ್ ಚಾಲಕರನ್ನು ಕೇಳಿದೆ. “ಗಾಡಿ ಅಟ್ಯಾಚ್ ಮಾಡಿದ್ದಾನೆ ಎನ್ನಿ, ಅಷ್ಟೇ” ಎಂದರು. ಟ್ರಾವೆಲ್ಸ್‌ಗೆ ಕಾರು ಬಿಟ್ಟವರೂ ಇದನ್ನೇ ಹೇಳುತ್ತಾರೆ. ‘ಕಂಪನಿಗೆ ಗಾಡಿ ಬಿಟ್ಟಿದ್ದಾನೆ’ ಎಂಬುದೂ ನನ್ನ ಕಿವಿಗೆ ಬಿದ್ದಿದೆ. ಬಸ್ ಬಿಡುವ ‘ಬಿಡು’ ಇದು, ತೊರೆಯುವ ‘ಬಿಡು’ ಅಲ್ಲ. ಆಡುವುದಕ್ಕೆ ಎರಡೂ ಚೆನ್ನ. ಆದರೆ ಕರಾರಿನಲ್ಲಿ ಎರಡು ಕಡೆಯವರಿಗೂ ಹೆಸರು ಬೇಕು. ‘ಗಾಡಿ ಬಿಟ್ಟವನು’ ಎಂದು ಬರೆದರೆ ಕೆಲಸ ಬಿಟ್ಟು ಓಡಿದವನಂತೆ ಕಾಣುತ್ತದೆ. ‘ಅಟ್ಯಾಚಿಸಿದವನು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಕಬ್ಬಿನ ಕಾರ್ಖಾನೆಗೆ ಟ್ರ್ಯಾಕ್ಟರ್ ‘ಹಚ್ಚುವ’ ಉತ್ತರ ಕರ್ನಾಟಕದವರು, ಮಂಗಳೂರು ಅಥವಾ ಬೆಂಗಳೂರು ಬಳಿಯ ದೇವನಗೊಂದಿಯ ತೈಲ ಡಿಪೋಗಳಿಂದ ಟ್ಯಾಂಕರ್ ಓಡಿಸುವವರ ಮಾತು ಬಲ್ಲವರು ಇಲ್ಲಿದ್ದರೆ ಹೇಳಿ: ಸ್ವಂತ ಗಾಡಿಯ ಜೊತೆ ತಾನೂ ಸೇರಿಕೊಂಡವನನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ? ಅವನ ಗಾಡಿಯನ್ನು ಸೇರಿಸಿಕೊಂಡ ಕಂಪನಿಗೆ ಬೇರೆ ಹೆಸರಿದೆಯೇ? ಸದ್ಯಕ್ಕೆ ಕರಾರಿನ ಕನ್ನಡ ಪ್ರತಿಯಲ್ಲಿ ‘ಗಾಡಿಯವನು’, ‘ಕಂಪನಿಯವರು’ ಎಂದಷ್ಟೇ ಬರೆದಿದ್ದೇನೆ. ಮಾವನಿಗೆ ಅರ್ಥವಾಗಿದೆ, ನನಗೆ ಸಮಾಧಾನವಾಗಿಲ್ಲ.