ಒಂದೇ ಎಂಜಿನ್ನಿನ ಟ್ರೇನರ್ ಕಿಟ್‌ಗೆ ಎರಡು ಎಂಜಿನ್: ರೆಕ್ಕೆಗೆ ಫಿಲ್ಮ್ ಹೊದಿಸುವ ಮೊದಲು ಸಲಹೆ ಬೇಕು

ಕೋಥ್ರೂಡ್, ಪುಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 40 ಗಾತ್ರದ (0.40 ಘನ ಅಂಗುಲ) ಗ್ಲೋ ಎಂಜಿನ್ನಿಗೆಂದು (ಮೆಥನಾಲ್ ಇಂಧನದ ಪುಟ್ಟ ಎಂಜಿನ್) ರೂಪಿಸಿದ, 60 ಅಂಗುಲ ರೆಕ್ಕೆಯ, ರೇಡಿಯೊ ನಿಯಂತ್ರಣದ ಮಾದರಿ ವಿಮಾನದ ಬಾಲ್ಸಾ (ಹಗುರ ಮರ) ಟ್ರೇನರ್ (ಹಾರಾಟ ಕಲಿಯುವವರ ವಿಮಾನ) ಕಿಟ್ಟೊಂದನ್ನು ಈ ಮಳೆಗಾಲದಲ್ಲಿ ಕಟ್ಟುತ್ತಿದ್ದೇನೆ. ಒಡಲೂ ಬಾಲವೂ ಮುಗಿದಿವೆ. ರೆಕ್ಕೆಗೆ ಹೊದಿಕೆಯ ಫಿಲ್ಮ್ ಹಾಕಿಲ್ಲ, ಅದರ ರಿಬ್ಬುಗಳು (ರೆಕ್ಕೆಗೆ ಆಕಾರ ಕೊಡುವ ಪಟ್ಟಿಗಳು) ಇನ್ನೂ ಬಯಲಾಗಿಯೇ ಇವೆ. ಮೂಗಿನ ಎಂಜಿನ್ ಕೈಬಿಟ್ಟು, ರೆಕ್ಕೆಯ ಮೇಲೆ 25 ಗಾತ್ರದ ಎರಡು ಗ್ಲೋ ಎಂಜಿನ್ ಕೂರಿಸಬೇಕೆಂಬುದು ನನ್ನ ಬಹುದಿನದ ಆಸೆ. ಮೈದಾನದ ಹಿರಿಯರೊಬ್ಬರು, ಒಂದು ಎಂಜಿನ್ ನಿಂತರೆ ವಿಮಾನ ಕೈಗೆ ಸಿಗುವುದಿಲ್ಲ ಎಂದು ಎಚ್ಚರಿಸಿದ್ದಾರೆ. ಎಂಜಿನ್ನುಗಳು ಒಡಲಿನಿಂದ ಎಷ್ಟು ದೂರದಲ್ಲಿರಬೇಕು, ಬಾಲದ ಫಿನ್ (ನೆಟ್ಟಗೆ ನಿಂತ ಫಲಕ) ದೊಡ್ಡದು ಮಾಡಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಚಿಂಚವಡದಿಂದ

ಹಿರಿಯರು ಹೇಳಿದ್ದು ಸರಿ ಸರ್, ಆದರೆ ಅದರ ಕಾರಣ ತಿಳಿದರೆ ಅರ್ಧ ಪರಿಹಾರ ಸಿಕ್ಕಂತೆ. ಒಂದು ಎಂಜಿನ್ ನಿಂತಾಗ ಉಳಿದದ್ದರ ಎಳೆತ ವಿಮಾನವನ್ನು ನಿಂತ ಎಂಜಿನ್ನಿನ ಕಡೆಗೆ ತಿರುಗಿಸುತ್ತದೆ, ಆ ತಿರುಗುವಿಕೆಯನ್ನು ತಡೆಯುವುದು ಫಿನ್ ಮತ್ತು ಅದರ ಹಿಂದೆ ಎಡಬಲಕ್ಕೆ ಹೊರಳುವ ರಡ್ಡರ್ ಮೇಲೆ ಹಾಯುವ ಗಾಳಿ. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ಆ ಗಾಳಿಗೆ ತಡೆಯುವ ಬಲವೇ ಇರುವುದಿಲ್ಲ. ಆಗ ಥ್ರಾಟಲ್ ಏರಿಸುವ ಕೈಚಳಕ ಅಪಾಯವನ್ನೇ ಹೆಚ್ಚಿಸುತ್ತದೆ. ಥ್ರಾಟಲ್ ಪೂರ್ತಿ ಇಳಿಸಿ, ಮೂಗು ತಗ್ಗಿಸಿ, ವೇಗ ಕೂಡಿಕೊಂಡ ಮೇಲೆ ರಡ್ಡರ್‌ನಿಂದ ನೇರ ಮಾಡಿಕೊಳ್ಳಬೇಕು. ತಗ್ಗಿದ ರೆಕ್ಕೆಯನ್ನು ಐಲರಾನಿನಿಂದಲೇ (ರೆಕ್ಕೆಯ ಹಿಂಬದಿಯ ಹೊರಳುವ ಪಟ್ಟಿ) ಎತ್ತಲು ಹೋಗಬೇಡಿ.

ದೂರ ಕಡಿಮೆಯಾದಷ್ಟೂ ಒಳ್ಳೆಯದು. ನಿಮ್ಮ ಒಡಲು ಸುಮಾರು 100 ಮಿ.ಮೀ. ಅಗಲವಿದ್ದರೆ ಅದರರ್ಧ 50. 9 ಅಂಗುಲದ ಪ್ರೊಪೆಲ್ಲರಿನ ತ್ರಿಜ್ಯ 114. ತುದಿಗೂ ಒಡಲಿಗೂ ನಡುವೆ 25. ಒಟ್ಟು ಮಧ್ಯರೇಖೆಯಿಂದ 189 ಮಿ.ಮೀ. ಹತ್ತಿರದ ರಿಬ್ಬು ಇದಕ್ಕಿಂತ ಸ್ವಲ್ಪ ಹೊರಗಿದ್ದರೆ ಅಲ್ಲಿಯೇ ಕೂರಿಸಿ. ಎಂಜಿನ್ನುಗಳನ್ನು 2-3 ಡಿಗ್ರಿ ಹೊರಮುಖವಾಗಿಸಿದರೆ ಎಳೆತದ ರೇಖೆ ಗುರುತ್ವಕೇಂದ್ರಕ್ಕೆ ಹತ್ತಿರವಾಗಿ ತಿರುಗುವಿಕೆ ಇನ್ನಷ್ಟು ತಗ್ಗುತ್ತದೆ. ಫಿನ್ನನ್ನು ಕಾಲುಭಾಗ ದೊಡ್ಡದು ಮಾಡಿ. ಬಾಲ್ಸಾದಲ್ಲಿ ಅದು ಒಂದು ಸಂಜೆಯ ಕೆಲಸ.

ವಾಸ್ಕೋ, ಗೋವಾದಿಂದ

ಮೇಲಿನ ಮಾತಿಗೆಲ್ಲ ನನ್ನ ಸಮ್ಮತಿ ಇದೆ, ಆದರೆ ಗ್ಲೋ ಎಂಜಿನ್ನುಗಳ ಬದಲು ವಿದ್ಯುತ್ ಮೋಟಾರುಗಳನ್ನು ಯೋಚಿಸಿ ಎಂದು ಬೇಡಿಕೊಳ್ಳುತ್ತೇನೆ. ಎರಡು ಗ್ಲೋ ಎಂಜಿನ್ನಿನ ನನ್ನ ಮೊದಲ ವಿಮಾನದಲ್ಲಿ ಒಂದರ ಇಂಧನ ಮಿಶ್ರಣ ತೆಳುವಾಗಿ, ಏರುತ್ತಿರುವಾಗಲೇ ಅದು ನಿಂತುಹೋಯಿತು; ವಿಮಾನ ಮಗುಚಿ ಬಿದ್ದದ್ದನ್ನು ಇಂದಿಗೂ ಮರೆತಿಲ್ಲ. ಮಿಶ್ರಣ, ಪ್ಲಗ್ಗು, ಟ್ಯಾಂಕು ಎಂಬ ಗೊಂದಲ ಮೋಟಾರಿನಲ್ಲಿಲ್ಲ.

ಸುಮಾರು 2.5 ಕಿಲೋ ತೂಕಕ್ಕೆ ಒಟ್ಟು 500 ವ್ಯಾಟ್ ಸಾಕು, ಅಂದರೆ ಮೋಟಾರೊಂದಕ್ಕೆ 250. ನಾಲ್ಕು ಸೆಲ್ಲಿನ ಒಂದೇ ಬ್ಯಾಟರಿಯಿಂದ ಎರಡು ಇಎಸ್‌ಸಿಗೂ (ಮೋಟಾರಿನ ವೇಗ ನಿಯಂತ್ರಕ) ವಿದ್ಯುತ್ ಕೊಡಿ. ಎರಡು ಬೇರೆ ಬ್ಯಾಟರಿಗಳಿದ್ದರೆ ಒಂದು ಮೊದಲು ಬರಿದಾಗಬಹುದು, ಆಗ ಅದರ ಇಎಸ್‌ಸಿ ಮೋಟಾರನ್ನು ತಾನಾಗಿಯೇ ನಿಲ್ಲಿಸುತ್ತದೆ. ತಂತಿ ಉದ್ದ ಮಾಡಬೇಕಾದರೆ ಮೋಟಾರಿನ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಿ, ಬ್ಯಾಟರಿಯ ಕಡೆಯದನ್ನಲ್ಲ. ಆ ಕಡೆ ಉದ್ದವಾದರೆ ಇಎಸ್‌ಸಿಯ ಕೆಪಾಸಿಟರ್ ಸುಡುವ ಸಂಭವವಿದೆ. ಎರಡೂ ಇಎಸ್‌ಸಿಗಳಲ್ಲಿ ಬಿಇಸಿ (ರೇಡಿಯೊ ರಿಸೀವರಿಗೆ ವಿದ್ಯುತ್ ಕೊಡುವ ಭಾಗ) ಇದ್ದರೆ ಒಂದರ ಕೆಂಪು ತಂತಿ ಬಿಚ್ಚಿಡಿ, ಎರಡಕ್ಕೂ ಥ್ರಾಟಲ್ ಮಿತಿಯನ್ನು ಒಂದೇ ರೀತಿ ಹೊಂದಿಸಿ.

ಮೋಟಾರಿನ ಇನ್ನೊಂದು ಲಾಭವೆಂದರೆ ಯಾವುದೇ ಎರಡು ತಂತಿ ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಹಿಂದಿನಿಂದ ನೋಡಿದಾಗ ಎಡದ್ದು ಗಡಿಯಾರದ ದಿಕ್ಕಿಗೂ ಬಲದ್ದು ಅದರ ಎದುರು ದಿಕ್ಕಿಗೂ ತಿರುಗಲಿ. ಆಗ ಮೂಗೆತ್ತಿ ಹಾರುವಾಗ ಹೆಚ್ಚು ಎಳೆಯುವ, ಇಳಿಯುತ್ತಿರುವ ಅಲಗುಗಳು ಒಡಲಿನ ಕಡೆಗೇ ಇರುತ್ತವೆ. ಬಲದ್ದಕ್ಕೆ ವಿರುದ್ಧ ತಿರುವಿನ ಪ್ರೊಪೆಲ್ಲರ್ ಬೇಕು, ಅದರ ನಟ್ಟನ್ನು ಪ್ರತಿ ಹಾರಾಟಕ್ಕೂ ಮೊದಲು ಪರೀಕ್ಷಿಸಬೇಕು.

ಕೋಥ್ರೂಡ್, ಪುಣೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ಋಣಿಯಾಗಿದ್ದೇನೆ. ಗ್ಲೋ ಎಂಜಿನ್ನುಗಳ ಸದ್ದಿನ ಮೋಹ ಬಿಡುವುದು ಕಷ್ಟ, ಆದರೂ ಮೋಟಾರನ್ನೇ ಆರಿಸಿಕೊಳ್ಳುತ್ತೇನೆ. ಮೂಗು ಹಗುರವಾದರೆ ಗುರುತ್ವಕೇಂದ್ರ ಹಿಂದೆ ಸರಿಯುವುದಿಲ್ಲವೇ?

ಚಿಂಚವಡದಿಂದ

ಸರಿಯುತ್ತದೆ. ಆದರೆ ಸೈಲೆನ್ಸರ್ ಸಹಿತ ಮೂಗಿನ 40 ಗಾತ್ರದ ಎಂಜಿನ್ ಎಷ್ಟು ತೂಗುತ್ತಿತ್ತೋ, ನಾಲ್ಕು ಸೆಲ್ಲಿನ ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದನ್ನು ಮೂಗಿನಲ್ಲಿಯೇ, ಫೈರ್‌ವಾಲಿಗೆ (ಎಂಜಿನ್ ಕೂರಿಸುವ ಮೂಗಿನ ಗೋಡೆ) ಒತ್ತಿಕೊಂಡಂತೆ ಇಟ್ಟು, ನಕ್ಷೆಯಲ್ಲಿ ತೋರಿಸಿದ ಜಾಗಕ್ಕೇ ಸಮತೋಲ ತಂದುಕೊಳ್ಳಿ. ನಸೆಲ್ಲುಗಳ (ರೆಕ್ಕೆಯ ಮೇಲಿನ ಮೋಟಾರು ಗೂಡುಗಳು) ಭಾರ ತಡೆಯಲು ಆಯಾ ಜಾಗದ ರಿಬ್ಬುಗಳಿಗೆ 3 ಮಿ.ಮೀ. ಬರ್ಚ್ ಪ್ಲೈವುಡ್ ಅಂಟಿಸಿ, ಅದು ಮುಂದಿನ ಸ್ಪಾರಿನವರೆಗೂ (ರೆಕ್ಕೆಯುದ್ದದ ತೊಲೆ) ತಲುಪಲಿ. ಈ ಕೆಲಸವೆಲ್ಲ ಫಿಲ್ಮ್ ಹೊದಿಸುವ ಮೊದಲೇ ಆಗಬೇಕು.

ಹಾರಿಸುವ ಮುನ್ನ ನೆಲದ ಮೇಲೆ ಒಂದೊಂದೇ ಮೋಟಾರು ಓಡಿಸಿ ಎಳೆತ ಸಮವಾಗಿದೆಯೇ ನೋಡಿ. ಲೋಹಗಾಂವ್ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ, 2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಮೈದಾನ ಹಸಿರು ವಲಯದಲ್ಲಿದೆಯೇ (ಮುನ್ನಾನುಮತಿ ಬೇಡದ ಪ್ರದೇಶ) ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ.