ಸಹಾಯ ಬೇಕು: ಸ್ಟ್ರೋಲ್, ವಾಂಡರ್, ರೋಮ್ – ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಡಿಗೆಯ ಇಂಗ್ಲಿಷ್ ಪದಗಳನ್ನು ಹೇಳಿಕೊಡಬೇಕು. ಲಿಂಪ್ ಅಂದರೆ ಕುಂಟುವುದು, ಸ್ಟ್ಯಾಗರ್ ಅಂದರೆ ತೂರಾಡುವುದು, ಟಿಪ್‌ಟೋ ಅಂದರೆ ತುದಿಗಾಲಲ್ಲಿ ನಡೆಯುವುದು. ಇವು ಸುಲಭ. ಮಾಡಿ ತೋರಿಸಿದರೆ ಸಾಕು, ನಗುತ್ತಲೇ ಕಲಿಯುತ್ತಾರೆ (ತೂರಾಡಿ ತೋರಿಸಲು ಹುಡುಗರಲ್ಲಿ ಪೈಪೋಟಿ ಬೇರೆ!).

ತಲೆನೋವು ಇರುವುದು ಸ್ಟ್ರೋಲ್, ವಾಂಡರ್, ರೋಮ್ ಇವುಗಳಲ್ಲಿ. ಊಟ ಆದಮೇಲೆ ಆರಾಮಾಗಿ ಅಡ್ಡಾಡುವುದು ಸ್ಟ್ರೋಲ್. ಗೊತ್ತುಗುರಿ ಇಲ್ಲದೆ ಸುಮ್ನೆ ಅಲೆಯುವುದು ವಾಂಡರ್; ಪಾಠದ ಮಧ್ಯೆ ಮನಸ್ಸು ಎಲ್ಲೋ ಹೋದರೂ ಅದೇ ಪದ. ಆದರೆ ಕಾಡಿನಲ್ಲಿ ಆನೆಗಳು ಓಡಾಡುವುದಕ್ಕೆ ರೋಮ್ ಅನ್ನೋದೇ ಜಾಸ್ತಿ ಅಲ್ವಾ? ಅಲ್ಲಿ ವಾಂಡರ್ ಹಾಕಿದರೆ ಅರ್ಥ ಎಷ್ಟು ಬದಲಾಗುತ್ತದೆ? ಗೊತ್ತಿದ್ದವರು ಮಕ್ಕಳಿಗೆ ಹಿಡಿಸುವಂಥ ಒಂದೆರಡು ವಾಕ್ಯ ಕೊಡಿ, ಪ್ಲೀಸ್. ಸೋಮವಾರ ಪಾಠ ಇದೆ.